ಗಂಡನ ಕಾರ್ಡಿನಿಂದ ಹೆಂಡತಿಯ ಸಿಬಿಲ್ ಸ್ಕೋರ್ ಏರುತ್ತದೆಯೇ?

ವಿಜಯಪುರ ನಗರವಿರಲಿ, ತಿಕೋಟಾ, ಬಬಲೇಶ್ವರಗಳಿರಲಿ, ಸಾಲ ಕೇಳಿದವರ ಸಿಬಿಲ್ ಸ್ಕೋರನ್ನು ಬ್ಯಾಂಕಿನವರು ಮೊದಲು ನೋಡುತ್ತಾರೆ. ಇಲ್ಲಿನ ದ್ರಾಕ್ಷಿ ತೋಟಗಳಲ್ಲಿ, ಒಣದ್ರಾಕ್ಷಿ ಶೆಡ್‌ಗಳಲ್ಲಿ ಹೆಣ್ಣುಮಕ್ಕಳ ದುಡಿಮೆ ಗಂಡಸರಿಗೆ ಸಮನಾಗಿದೆ. ಆದರೆ ಬಹಳಷ್ಟು ಮನೆಗಳಲ್ಲಿ ಹೊಲದ ಉತಾರ, ಬೆಳೆಸಾಲದ ಖಾತೆ ಗಂಡನ ಹೆಸರಿನಲ್ಲಿವೆ. ಹಾಗಾಗಿ ಹೆಂಡತಿ ಹೊಲಿಗೆ ಅಂಗಡಿಗೋ ಹೈನುಗಾರಿಕೆಗೋ ಸಾಲ ಕೇಳಿದಾಗ ಅವಳ ಹೆಸರಿನಲ್ಲಿ ತೋರಿಸಲು ಯಾವ ದಾಖಲೆಯೂ ಇರುವುದಿಲ್ಲ. ಗಂಡನ ಕ್ರೆಡಿಟ್ ಕಾರ್ಡಿನ ಮೇಲೆ ಅವಳಿಗೊಂದು ಆಡ್-ಆನ್ ಕಾರ್ಡ್ ತೆಗೆಸಿದರೆ ಅವನ ಒಳ್ಳೆಯ ಸ್ಕೋರ್ ಅವಳಿಗೂ ಬರುತ್ತದೆ ಎಂಬ ಸಲಹೆ ಆಗ ಕೇಳಿಬರುತ್ತದೆ. ನಮ್ಮ ಕಾನೂನಿನಲ್ಲಿ ಈ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಅವಳ ಸ್ಕೋರ್ ಅವಳದೇ ಖಾತೆಯಿಂದ ಬೆಳೆಯಬೇಕು.

ಸಾಲದ ಇತಿಹಾಸ ಸಂಗ್ರಹಿಸುವ ಕಂಪನಿಗಳನ್ನು 2005ರ ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆ ಹತೋಟಿಯಲ್ಲಿಡುತ್ತದೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳು ವ್ಯಕ್ತಿವಾರು ದಾಖಲೆ ಇಡುತ್ತವೆ. ಮದುವೆಯಾದ ಮಾತ್ರಕ್ಕೆ ಇಬ್ಬರ ದಾಖಲೆ ಒಂದಾಗುವುದಿಲ್ಲ. ಆಡ್-ಆನ್ ಕಾರ್ಡಿನ ಬಾಕಿಗೆ ಮೂಲ ಕಾರ್ಡುದಾರನೇ ಹೊಣೆ ಎಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನ ಹೇಳುತ್ತದೆ. ಹೊಣೆ ಅವನದಾದ್ದರಿಂದ ಬಿಲ್ ಕಟ್ಟಿದ ಶ್ರೇಯಸ್ಸೂ ಸಾಮಾನ್ಯವಾಗಿ ಅವನ ದಾಖಲೆಗೇ ಸೇರುತ್ತದೆ. ಅಮೆರಿಕದಲ್ಲಿ ಮಾತ್ರ, ಸಂಗಾತಿಗೂ ಬಳಕೆಯ ಅನುಮತಿಯಿರುವ ಖಾತೆಯನ್ನು ಇಬ್ಬರ ಹೆಸರಿನಲ್ಲೂ ವರದಿ ಮಾಡಬೇಕೆಂಬ ನಿಯಮವಿದೆ. ಆ ದೇಶದ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಫಲ ಸಿಗುವ ಖಾತ್ರಿಯಿಲ್ಲ.

ಈ ಕಂಪನಿಗಳು ಕೊಡುವ ಸಾಲದ ಇತಿಹಾಸದ ವರದಿಯಲ್ಲಿ ಕೆಲವರಿಗೆ ಆಡ್-ಆನ್ ಕಾರ್ಡ್ ಕಾಣಿಸುತ್ತದಲ್ಲ ಎಂದು ಕೇಳಬಹುದು. ನಿಜ, ವರದಿಯ ನಮೂನೆಯಲ್ಲಿ ‘ಅಧಿಕೃತ ಬಳಕೆದಾರ’ ಎಂಬ ವರ್ಗವೂ ಇದೆ. ಆದರೆ ಹಾಗೆ ಕಾಣಿಸಿದಲ್ಲಿ ಗಂಡ ಕಂತು ತಪ್ಪಿಸಿದ್ದೂ ಅಲ್ಲಿ ಕಾಣಿಸೀತು. ಆದ್ದರಿಂದ ಕಾರ್ಡ್ ತೆಗೆಸುವ ಮುನ್ನವೇ ಅದನ್ನು ಯಾರ ಹೆಸರಿನಲ್ಲಿ ವರದಿ ಮಾಡುತ್ತೀರಿ ಎಂದು ಬ್ಯಾಂಕಿಗೆ ಬರೆದು ಕೇಳಿ, ಉತ್ತರವನ್ನು ಕಾಯ್ದಿಡಿ. ಗಂಡನ ಕಾರ್ಡ್, ಪಿನ್, ಒಟಿಪಿಗಳನ್ನೇ ಹೆಂಡತಿ ಬಳಸುವ ರೂಢಿ ಇನ್ನೂ ಅಪಾಯದ್ದು: ಗುಪ್ತ ಸಂಖ್ಯೆ ಹಂಚಿಕೊಂಡದ್ದರಿಂದ ಆದ ನಷ್ಟವನ್ನು, ಬ್ಯಾಂಕಿಗೆ ದೂರು ಕೊಡುವವರೆಗೆ, ಗ್ರಾಹಕನೇ ಹೊರಬೇಕೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು.

ಸ್ವಂತ ಆದಾಯವಿಲ್ಲದ ಹೆಂಗಸಿಗೆ ಕಾರ್ಡ್ ಯಾರು ಕೊಡುತ್ತಾರೆ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಅವಳ ಹೆಸರಿನಲ್ಲಿ ಸಣ್ಣ ಠೇವಣಿ ಇಟ್ಟರೆ ಅದರ ಭದ್ರತೆಯ ಮೇಲೆ ಹಲವು ಬ್ಯಾಂಕುಗಳು ಕಾರ್ಡ್ ಕೊಡುತ್ತವೆ. ಅವಳ ಹೆಸರಿನಲ್ಲೇ ಪಡೆದು ತೀರಿಸಿದ ಬಂಗಾರದ ಸಾಲವೂ ದಾಖಲೆಯಾಗುತ್ತದೆ. ಹಳೆಯ ಸಾಲದ ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿದೆ. ಆದರೂ ಮರುಪಾವತಿಯ ಶಕ್ತಿಯನ್ನು ಅವು ಪರಿಶೀಲಿಸಬಹುದು. ಒಂದು ಎಚ್ಚರ ಮಾತ್ರ ಬೇಕು. ಒಣದ್ರಾಕ್ಷಿಯ ದುಡ್ಡು ಮಾಲು ಮಾರಿದಾಗ ಬರುತ್ತದೆ, ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ. ಬಾಕಿ ಉಳಿದರೆ ಹಲವು ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ 3ನ್ನು ಮೀರುತ್ತದೆ. ಆದ್ದರಿಂದ ಪ್ರತಿ ತಿಂಗಳು ಪೂರ್ತಿ ಕಟ್ಟಬಲ್ಲಷ್ಟೇ ಖರ್ಚು ಮಾಡಬೇಕು.

ಪ್ರತಿಯೊಬ್ಬರೂ ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ತೆಗೆದುಕೊಳ್ಳದ ಸಾಲವೋ, ತೀರಿಸಿದ್ದು ಬಾಕಿಯೆಂದೋ ಕಂಡರೆ ಕಂಪನಿಗೆ, ಬ್ಯಾಂಕಿಗೆ ದೂರು ಕೊಡಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ ₹100 ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಆಮೇಲೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ. ಕಾಗದಪತ್ರ ಬರೆಸಲು ನೆರವು ಬೇಕಾದರೆ ವಿಜಯಪುರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಕಾನೂನು ಸೇವೆಗಳ ಪ್ರಾಧಿಕಾರಗಳ 1987ರ ಕಾಯ್ದೆಯ 12ನೇ ಕಲಮಿನ ಪ್ರಕಾರ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ.

ಗಂಡ ಹೆಂಡತಿಯ ಲೆಕ್ಕ ಬೇರೆ ಮಾಡಿದರೆ ಸಂಸಾರ ಒಡೆದಂತಲ್ಲವೇ ಎಂಬುದು ಕೊನೆಯ ಆಕ್ಷೇಪ. ಇಲ್ಲಿ ಬೇರೆಯಾಗುವುದು ದಾಖಲೆ ಮಾತ್ರ, ದುಡಿಮೆಯಲ್ಲ. ಮೂಲ ಕಾರ್ಡುದಾರ ತೀರಿಕೊಂಡರೆ ಅವನ ಖಾತೆಯ ಜೊತೆ ಆಡ್-ಆನ್ ಕಾರ್ಡೂ ಮುಚ್ಚುತ್ತದೆ. ಮನೆಯ ಭಾರ ತಾನೊಬ್ಬಳೇ ಹೊರಬೇಕಾದ ಆ ಹೊತ್ತಿನಲ್ಲೇ ಅವಳು ಬ್ಯಾಂಕಿನ ಲೆಕ್ಕದಲ್ಲಿ ಅಪರಿಚಿತಳಾಗುತ್ತಾಳೆ. ಹೆಂಡತಿಯ ಹಿತ ಬಯಸುವ ಗಂಡ ತನ್ನ ಕಾರ್ಡಿನಲ್ಲಿ ಪಾಲು ಕೊಡುವುದಕ್ಕಿಂತ ಅವಳ ಹೆಸರಿನಲ್ಲಿ ಖಾತೆ ತೆರೆಸಿ, ಸಾಧ್ಯವಾದರೆ ಉತಾರದಲ್ಲೂ ಅವಳ ಹೆಸರು ಸೇರಿಸುವುದು ಮೇಲು.