ಗಣಕಯಂತ್ರಕ್ಕೆ ಎಷ್ಟು ವಾಟ್ ಬೇಕು?

ಮಕ್ಕಳ ವ್ಯಾಸಂಗಕ್ಕೆಂದು ಗಣಕಯಂತ್ರವನ್ನು ಜೋಡಿಸಿಕೊಳ್ಳಬೇಕಾದಾಗ ಪುರಸೈವಾಕ್ಕಂನ ನಾವು ಸಾಮಾನ್ಯವಾಗಿ ಹೊರಡುವುದು ಮೌಂಟ್ ರೋಡಿನ ಬಳಿಯ ರಿಚ್ಚಿ ಸ್ಟ್ರೀಟಿಗೆ. ಪ್ರೊಸೆಸರಿಗೂ ಮೆಮೊರಿಗೂ ಗಂಟೆಗಟ್ಟಲೆ ಚೌಕಾಸಿ ಮಾಡುವವರು ಎಸ್.ಎಂ.ಪಿ.ಎಸ್. ಎಂಬ ವಿದ್ಯುತ್ ಘಟಕವನ್ನು ಮಾತ್ರ ವಿಚಾರಿಸುವುದೇ ಇಲ್ಲ. ನಾನೂ ವಿಚಾರಿಸಲಿಲ್ಲ. ಕ್ಯಾಬಿನೆಟ್ಟಿನೊಡನೆ ಬಂದುದನ್ನೇ ಒಪ್ಪಿಕೊಂಡೆ. ಆರು ತಿಂಗಳಾಗುವಷ್ಟರಲ್ಲಿ, ಮಗಳು ಪರೀಕ್ಷೆಯ ವರದಿಯನ್ನು ಬರೆಯುತ್ತಿದ್ದ ರಾತ್ರಿ, ಯಂತ್ರವು ಏಕಾಏಕಿ ನಿಂತಿತು, ಮದರ್‌ಬೋರ್ಡೂ ಹಾಳಾಯಿತು.

ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಪರಿವರ್ತಿಸುವುದು ಈ ಘಟಕದ ಕೆಲಸ. ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡುಗಳು ಬಹುಪಾಲು 12 ವೋಲ್ಟನ್ನೇ ಆಶ್ರಯಿಸಿವೆ. ಆದುದರಿಂದ ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರಗಳಿಗೆ ಮಾರುಹೋಗದೆ, ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಎದುರಿಗಿರುವ ಆಂಪಿಯರನ್ನು ಓದತಕ್ಕದ್ದು. ಅಲ್ಲಿ 16 ಆಂಪಿಯರ್ ಎಂದಿದ್ದರೆ ದೊರೆಯುವುದು 192 ವಾಟ್ ಮಾತ್ರ, ಹೊರಗೆ 450 ಎಂದು ಬರೆದಿದ್ದರೂ ಸರಿಯೆ!

ಲೆಕ್ಕವು ಕಠಿಣವೇನಲ್ಲ. 65 ವಾಟಿನ ಪ್ರೊಸೆಸರು ಕೆಲಸದ ಭರದಲ್ಲಿ ಅದನ್ನು ಮೀರುವುದರಿಂದ 100 ಎಂದಿಟ್ಟುಕೊಳ್ಳೋಣ. ಉಳಿದ ಭಾಗಗಳಿಗೆ 60. ಒಟ್ಟು 160. ಇದಕ್ಕೆ ಉತ್ತಮ ತಯಾರಿಕೆಯ 400 ವಾಟಿನ ಘಟಕ ಧಾರಾಳವಾಯಿತು. ಎನ್‌ವಿಡಿಯಾದ ಆರ್.ಟಿ.ಎಕ್ಸ್. 3060ರಂತಹ 170 ವಾಟಿನ ಕಾರ್ಡು ಸೇರಿದರೆ ಒಟ್ಟು 330. ತಯಾರಕರು ಸೂಚಿಸುವುದು 550. ಕ್ಷಣಮಾತ್ರ ಏರುವ ಬೇಡಿಕೆಗೂ ಅವಕಾಶವಿರಬೇಕಲ್ಲವೆ? ಹಾಗೆಂದು ಸಾಮಾನ್ಯ ಬಳಕೆಗೆ 850 ವಾಟ್ ಕೊಳ್ಳುವುದು ಅನವಶ್ಯಕ. ದೊಡ್ಡ ಘಟಕವು ಸದಾ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆಂಬ ಭಯವೂ ಸಲ್ಲದು. ಅದು ಬೇಡಿಕೆಯಷ್ಟನ್ನೂ ತನ್ನ ನಷ್ಟವನ್ನೂ ಮಾತ್ರ ಎಳೆಯುತ್ತದೆ. ದಕ್ಷತೆಯು ನೂರಕ್ಕೆ 80 ಇದ್ದರೆ 160 ವಾಟಿಗೆ ಗೋಡೆಯಿಂದ 200 ಬೇಕು. ಉಳಿದ 40 ಶಾಖವಾಗಿ ಹೋಗುವುದು. ನಮ್ಮೂರಿನ ಮೇ ತಿಂಗಳ ಸೆಖೆಯಲ್ಲಿ ಇದು ಸಣ್ಣ ಮಾತಲ್ಲ.

2012ರಲ್ಲಿ ಚೆನ್ನೈಯಲ್ಲಿ ದಿನಕ್ಕೆರಡು ಗಂಟೆ ವಿದ್ಯುತ್ ಕಡಿತವಾದುದನ್ನು ಕಂಡವರು ಯು.ಪಿ.ಎಸ್. ಇಲ್ಲದೆ ಇರಲೊಲ್ಲರು. ಆದರೆ 600 ವಿ.ಎ. ಎಂದರೆ 600 ವಾಟಲ್ಲ. ಅಂಥವು ಸಾಮಾನ್ಯವಾಗಿ ಹೊರುವುದು 360 ವಾಟ್. ಮಾನಿಟರಿನ ಭಾರ ಎಸ್.ಎಂ.ಪಿ.ಎಸ್. ಮೇಲೆ ಬೀಳದು, ಯು.ಪಿ.ಎಸ್. ಮೇಲೆ ಬೀಳುವುದು. ಗ್ರಾಫಿಕ್ಸ್ ಕಾರ್ಡುಳ್ಳ ಮೇಲಿನ ಯಂತ್ರವು ಪೂರ್ಣ ಭರದಲ್ಲಿ ಗೋಡೆಯಿಂದ 400ಕ್ಕೂ ಮಿಕ್ಕಿ ಎಳೆಯುವುದರಿಂದ, ಆಗ ಕರೆಂಟು ಹೋದರೆ ಇದು ಕೈಕೊಡುವುದು ಖಂಡಿತ.

ಇನ್ನು ದೇಹಕ್ಕೆ ಸಂಬಂಧಿಸಿದ ವಿಷಯ. ಕ್ಯಾಬಿನೆಟ್ಟನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೆ ನೆಲಸಂಪರ್ಕವಿಲ್ಲವೆಂದೇ ಶಂಕಿಸಬೇಕು. ಘಟಕದೊಳಗಿನ ಶೋಧಕ ಕೆಪಾಸಿಟರುಗಳ ಮೂಲಕ ಸೋರುವ ಅತ್ಯಲ್ಪ ಪ್ರವಾಹವು ಅರ್ಥಿಂಗ್ ತಂತಿಯಿದ್ದರೆ ಭೂಮಿಗೆ ಹರಿಯುತ್ತದೆ. ಇಲ್ಲದಿದ್ದರೆ ನಮ್ಮ ಕೈಯನ್ನು ಹುಡುಕುತ್ತದೆ. ಒಳಗಿನ ಅವಾಹಕವು ಕೆಟ್ಟರೆ ಪೂರ್ಣ 230 ವೋಲ್ಟೇ ತಗಡಿಗೆ ಬರಬಹುದು. ಮೂರನೆಯ ಪಿನ್ನನ್ನು ಕತ್ತರಿಸಿ ಎರಡು ತೂತಿನ ಪ್ಲಗ್ಗಿಗೆ ತುರುಕುವುದು ಆತ್ಮಘಾತುಕ. ಕೆಟ್ಟ ಘಟಕವನ್ನು ತಾವೇ ಬಿಚ್ಚಲೂ ಕೂಡದು. ತಂತಿಯನ್ನು ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಮಿಕ್ಕ ವಿದ್ಯುತ್ತು ಕೆಲಕಾಲ ಉಳಿದಿರಬಹುದು.

ನನ್ನ ಹಳೆಯ ಬಾಡಿಗೆಮನೆಗೆ ಎಲೆಕ್ಟ್ರಿಷಿಯನ್ನನನ್ನು ಕರೆಸಿದಾಗ ಆತ ಪ್ಲಗ್ಗಿನ ಮುಚ್ಚಳ ತೆಗೆದು ತೋರಿಸಿದ. ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ.