ಸಣ್ಣ ಹಕ್ಕಿ, ಸಾಧಾರಣ ಲೆನ್ಸ್, ಸ್ವಲ್ಪ ಲೆಕ್ಕ

ಹಕ್ಕಿ ಫೋಟೋ ಅಂದ ತಕ್ಷಣ ಲಕ್ಷ ರೂಪಾಯಿ ಲೆನ್ಸ್ ಬೇಕು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಮೊದಲು ಒಂದು ಲೆಕ್ಕ ಮಾಡೋಣ.

ಹಳ್ಳಿ ಬೇಲಿಗಳಲ್ಲಿ ಕಾಣುವ ಸೂರಕ್ಕಿಯ ಉದ್ದ ಸುಮಾರು 10 ಸೆಂ.ಮೀ. 300 ಎಂಎಂ ಲೆನ್ಸ್ ಹಾಕಿ 10 ಮೀಟರ್ ದೂರದಿಂದ ತೆಗೆದರೆ, ಸೆನ್ಸರ್ ಮೇಲೆ ಬೀಳುವ ಬಿಂಬ ಬರೀ 3 ಮಿ.ಮೀ. ಎಪಿಎಸ್-ಸಿ ಸೆನ್ಸರಿನ ಅಗಲ ಸುಮಾರು 23 ಮಿ.ಮೀ., ಅಂದರೆ ಹಕ್ಕಿ ಫ್ರೇಮಿನ ಎಂಟನೇ ಒಂದು ಭಾಗ. 5 ಮೀಟರಿನಿಂದ ತೆಗೆದರೆ ಬಿಂಬ 6 ಮಿ.ಮೀ., ಹಕ್ಕಿಗೆ ಸಿಗುವ ಪಿಕ್ಸೆಲ್‌ಗಳು ನಾಲ್ಕು ಪಟ್ಟು! ದೂರ ಅರ್ಧ ಮಾಡೋಕೆ ದುಡ್ಡು ಬೇಡ, ತಾಳ್ಮೆ ಬೇಕು.

1. ಬೆನ್ನಟ್ಟಬೇಡಿ, ಕೂತುಕೊಳ್ಳಿ

ನಾವು ಹತ್ತಿರ ಹೋದಷ್ಟೂ ಹಕ್ಕಿ ದೂರ ಹೋಗುತ್ತೆ. ಅದು ಎಲ್ಲಿಗೆ ಬರುತ್ತೆ ಅಂತ ಗಮನಿಸಿ, ಅಲ್ಲಿ ಮೊದಲೇ ಕೂರಬೇಕು. ಕಳ್ಳಿಪೀರ ತಂತಿಯಿಂದ ಹಾರಿ, ಗಾಳಿಯಲ್ಲೇ ಹುಳ ಹಿಡಿದು, ಹೆಚ್ಚಾಗಿ ಅದೇ ಜಾಗಕ್ಕೆ ವಾಪಸ್ ಬರುತ್ತದೆ. ಸೂರಕ್ಕಿ ಬೇಕಾದರೆ ಹೂಬಿಟ್ಟ ದಾಸವಾಳದ ಪಕ್ಕ ಕಾಯಿರಿ. ಮಣ್ಣು ಬಣ್ಣದ ಬಟ್ಟೆ ಹಾಕಿ, ಅಲ್ಲಾಡದೆ ಕೂತರೆ ಸಾಕು.

2. ಶಟರ್ ಸ್ಪೀಡ್

ಹಕ್ಕಿ ಸೆಕೆಂಡಿಗೆ 5 ಮೀಟರ್ ಹಾರುತ್ತಿದೆ ಅಂದುಕೊಳ್ಳಿ. 1/500 ಸೆಕೆಂಡಿನಲ್ಲಿ ಅದು 1 ಸೆಂ.ಮೀ. ಸರಿದಿರುತ್ತೆ, 1/2000ರಲ್ಲಿ 2.5 ಮಿ.ಮೀ. ಅಷ್ಟೇ. ಅದಕ್ಕೇ ಹಾರುವ ಹಕ್ಕಿಗೆ 1/2000 ಅಥವಾ ಅದಕ್ಕಿಂತ ವೇಗ ಇಡಿ. ಬೆಳಕು ಕಡಿಮೆಯಾದರೆ ಐಎಸ್‌ಒ ಏರಿಸಿ. ಗ್ರೇನ್ ಬಂದರೆ ಆಮೇಲೆ ಸರಿಮಾಡಬಹುದು, ಅಲುಗಿದ ಫೋಟೋನ ಸರಿಮಾಡೋದು ಕಷ್ಟ.

3. ಕಣ್ಣು ಮತ್ತು ಬೆಳಕು

ಫೋಕಸ್ ಯಾವಾಗಲೂ ಕಣ್ಣಿನ ಮೇಲೆ. ಬೆಳಗಿನ ಎಳೆಬಿಸಿಲು ನಮ್ಮ ಬೆನ್ನಿಗಿರಲಿ. ನೆಲದ ಮೇಲಿರುವ ಹಕ್ಕಿಗೆ ನಾವೂ ನೆಲಕ್ಕೆ ಮಲಗಬೇಕು.

4. ಗೂಡಿನ ಹತ್ತಿರ ಬೇಡ

ಇದಕ್ಕೆ ಮಾತ್ರ ರಿಯಾಯಿತಿ ಇಲ್ಲ. ಟುವ್ವಿ ಹಕ್ಕಿ ಎಲೆ ಹೊಲಿದು ಗೂಡು ಮಾಡುವುದೇ ಅದು ಯಾರಿಗೂ ಕಾಣಬಾರದು ಅಂತ. ಫ್ರೇಮ್ ಕ್ಲಿಯರ್ ಆಗಲಿ ಅಂತ ನಾವು ಎರಡು ಎಲೆ ಸರಿಸಿದರೆ, ಬಿಸಿಲೂ ಒಳಗೆ ಬರುತ್ತೆ, ಕಾಗೆಯ ಕಣ್ಣೂ ಬೀಳುತ್ತೆ. ನಾವು ಅಲ್ಲೇ ನಿಂತಿದ್ದರೆ ತಾಯಿ ಹಕ್ಕಿ ಗುಟುಕು ತಂದರೂ ಗೂಡಿಗೆ ಬರಲ್ಲ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯೋದೂ ಬೇಡ. ಎದುರಾಳಿ ಬಂದ ಅಂತ ಅದು ಮೇಯುವುದನ್ನು ಬಿಟ್ಟು ಜಗಳಕ್ಕೆ ಬರುತ್ತೆ.

ತೇಜಸ್ವಿಯವರು ಮೂಡಿಗೆರೆಯ ಕಡೆ ಹಕ್ಕಿಗಳ ಫೋಟೋ ತೆಗೆಯುತ್ತಿದ್ದದ್ದು ಫಿಲ್ಮ್ ಕಾಲದಲ್ಲಿ. ಒಂದು ರೋಲಿಗೆ 36 ಫೋಟೋ, ತೊಳೆಸಿದ ಮೇಲಷ್ಟೇ ಫಲಿತಾಂಶ. ನಮಗೆ ಡಿಲೀಟ್ ಬಟನ್ ಇದೆ. ಈ ಭಾನುವಾರ ಹತ್ತಿರದ ಹಳ್ಳಿಯ ಕೆರೆ ಏರಿ ಮೇಲೆ ಅರ್ಧ ಗಂಟೆ ಒಂದೇ ಕಡೆ ಕೂತು ನೋಡಿ. ಮೊದಲ ಹತ್ತು ನಿಮಿಷ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ.