ಪಾಠ: ನಮ್ಮ ಕೊಬ್ಬರಿಗೆ ಬೆಲೆ ಕಟ್ಟುವವರು ಯಾರು?



ನಮ್ಮ ಹಾಲ್ಕುರಿಕೆಯಲ್ಲಿ ಅಟ್ಟ ಇಲ್ಲದ ತೋಟದ ಮನೆ ಉಂಟೆ? ಕಾಯಿಯನ್ನು ಅಟ್ಟಕ್ಕೆ ಏರಿಸುತ್ತೇವೆ. ಹತ್ತು ಹನ್ನೊಂದು ತಿಂಗಳು ಕಾಯುತ್ತೇವೆ. ಒಳಗಿನ ನೀರು ಆರುತ್ತದೆ. ಕಾಯಿ ಉಂಡೆ ಕೊಬ್ಬರಿ ಆಗುತ್ತದೆ. ಆಮೇಲೆ ಸುಲಿಯೋದು, ಒಡೆಯೋದು, ಆರಿಸೋದು. ಇದರಲ್ಲಿ ಹೆಂಗಸರ ದುಡಿಮೆಯೇ ಬಹಳ.

ಆದರೆ ಬೆಲೆ ಎಷ್ಟು ಅಂತ ಕೇಳಿದರೆ, "ಅವರನ್ನೇ ಕೇಳಿ" ಅಂತೇವೆ. ಹೀಗೆ ಆಗಬಾರದು.

ಕೊಬ್ಬರಿ ತಿಪಟೂರಿನ ಕೃಷಿ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ನಮ್ಮ ಮಾಲಿಗೆ ಒಂದು ನಂಬರು ಕೊಡುತ್ತಾರೆ. ಇದಕ್ಕೆ ಲಾಟ್ ನಂಬರು ಅಂತ ಹೆಸರು. ವರ್ತಕರು ಮಾಲು ನೋಡುತ್ತಾರೆ. ತಮ್ಮ ಬೆಲೆಯನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಇದೇ ಟೆಂಡರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊತ್ತು ಮುಗಿದ ಮೇಲೆ ಹೆಚ್ಚು ಬೆಲೆ ಬರೆದವರಿಗೆ ಮಾಲು.

ಲೆಕ್ಕ ಮಾಡೋಣ. ಮೂವರು ವರ್ತಕರು ಕ್ವಿಂಟಲಿಗೆ ಹೀಗೆ ಬರೆದರು ಅನ್ನಿ:

ಒಬ್ಬರು 11,800 ರೂ.
ಇನ್ನೊಬ್ಬರು 12,150 ರೂ.
ಮತ್ತೊಬ್ಬರು 12,400 ರೂ.

ನಮ್ಮ ಮಾಲು 3 ಕ್ವಿಂಟಲ್. 12,400 ರೂ.ನಂತೆ 37,200 ರೂ. ಬಂತು. ಮೊದಲನೆಯವರು ಒಬ್ಬರೇ ಇದ್ದಿದ್ದರೆ? 35,400 ರೂ. ಮಾತ್ರ. 1,800 ರೂ. ಕೈತಪ್ಪುತ್ತಿತ್ತು. ಕೊಳ್ಳುವವರು ಹೆಚ್ಚಿದ್ದರೆ ನಮಗೆ ಲಾಭ. ಅವರು ಒಳಗೊಳಗೇ ಮಾತಾಡಿಕೊಂಡು ಕಡಿಮೆ ಬರೆದರೆ ನಮಗೆ ನಷ್ಟ. ಅದಕ್ಕೇ ಬೆಲೆ ಗುಟ್ಟಾಗಿ ಇರಬೇಕು.

ಬೆಲೆ ಒಪ್ಪಿಗೆ ಆಗದಿದ್ದರೆ "ಬೇಡ" ಅನ್ನಬಹುದು. ಇದು ಮಾರುವವರ ಹಕ್ಕು.

ಬೇಡ ಅನ್ನಲು ಧಾರಣೆ ಗೊತ್ತಿರಬೇಕು. ಕೇಂದ್ರ ಸರ್ಕಾರ ಪ್ರತಿ ವರ್ಷ ಬೆಂಬಲ ಬೆಲೆ ಹೇಳುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂ. ಇತ್ತು. ಮಾರುಕಟ್ಟೆ ಧಾರಣೆ ಅದಕ್ಕಿಂತ ಕೆಳಗೆ ಬಿತ್ತು. ರೈತರು ಬಹಳ ನೊಂದರು. 2025ರಲ್ಲಿ ಬೆಂಬಲ ಬೆಲೆ 12,100 ರೂ. ಆ ವರ್ಷ ತಿಪಟೂರಿನ ಧಾರಣೆ 20,000 ರೂ. ದಾಟಿತು. ಹಿಂದಿನ ವರ್ಷದ ಬೆಲೆ ನೆನೆದು ಮನೆ ಬಾಗಿಲಲ್ಲೇ ಮಾರಿದವರು ಎಷ್ಟು ಕಳೆದುಕೊಂಡಿರಬೇಕು!

ಇನ್ನೊಂದು ಮಾತು. ಮಾರುಕಟ್ಟೆ ಶುಲ್ಕ ಕೊಡಬೇಕಾದವರು ಕೊಳ್ಳುವವರು. ದಲ್ಲಾಳಿ ಕಮಿಷನ್ನೂ ಅವರದೇ. ರೈತರ ಹಣದಲ್ಲಿ ಅದನ್ನು ಹಿಡಿಯುವಂತಿಲ್ಲ. ಬಿಳಿ ಚೀಟಿ ಬೇಡ. ಬಿಲ್ಲು ಕೇಳಿ. ತೂಕ, ಬೆಲೆ, ಒಟ್ಟು ಹಣ, ಈ ಮೂರನ್ನೂ ಓದಿ.

ಈಗ ನಮಗೆ ಓದಲು ಬರುತ್ತದೆ. ಬಿಲ್ಲನ್ನು ಯಾರ ಕೈಲೂ ಓದಿಸಬೇಕಿಲ್ಲ.

ಹೊಸ ಪದಗಳು
ಧಾರಣೆ: ಮಾರುಕಟ್ಟೆಯಲ್ಲಿ ನಡೆಯುವ ಬೆಲೆ
ವರ್ತಕ: ವ್ಯಾಪಾರಿ
ಬೆಂಬಲ ಬೆಲೆ: ರೈತರಿಗೆ ಸಿಗಲಿ ಅಂತ ಸರ್ಕಾರ ಗೊತ್ತುಮಾಡಿದ ಬೆಲೆ

ಅಭ್ಯಾಸ
1. ವರ್ತಕರು ಬರೆದ ಬೆಲೆ ಯಾಕೆ ಗುಟ್ಟಾಗಿ ಇರಬೇಕು?
2. ಬಿಟ್ಟ ಜಾಗ ತುಂಬಿರಿ: ಮಾರುಕಟ್ಟೆ ಶುಲ್ಕ ಕೊಡಬೇಕಾದವರು ______.
3. ಕ್ವಿಂಟಲಿಗೆ 12,150 ರೂ. ಆದರೆ 2 ಕ್ವಿಂಟಲಿಗೆ ಎಷ್ಟು?
4. ನಿಮ್ಮ ಮನೆಯ ಹಳೆಯ ಬಿಲ್ಲು ತನ್ನಿ. ಎಲ್ಲರೂ ಸೇರಿ ಓದೋಣ.